ಒಂದು ವರ್ಷದ ವೀಸಾ

ಹೊಲಿಗೆಯ ಒಳಗೆ ಬಟ್ಟೆ ಬಿಡದವನನ್ನು ಅವನು ಟೈಲರ್ ಅಂತಲೇ ಒಪ್ಪುತ್ತಿರಲಿಲ್ಲ. ಬೇರೆ ಅಂಗಡಿಯಲ್ಲಿ ಹೊಲಿಸಿದ ಪ್ಯಾಂಟನ್ನು ಯಾರಾದರೂ ರಿಪೇರಿಗೆ ತಂದರೆ ಮೊದಲು ಅದರ ಒಳಮೈ ಹೊರಗೆ ಮಾಡಿ ಸೊಂಟದ ಹೊಲಿಗೆ ನೋಡುವನು. ಅಲ್ಲಿ ಎರಡು ಬೆರಳಗಲ ಬಟ್ಟೆ ಉಳಿಸಿರದಿದ್ದರೆ ಮುಗಿಯಿತು, ಅದನ್ನು ಹೊಲಿದವನ ಜನ್ಮ ಜಾಲಾಡಿಬಿಡುವನು. "ಮನುಷ್ಯ ನಾಳೆ ದಪ್ಪ ಆಗಲ್ವಾ? ಇವತ್ತು ಇದ್ದ ಹಾಗೇ ಇರೋಕೆ ಅವನೇನು ಗೋಡೆ ಮೇಲಿನ ಫೋಟೋನಾ?" ಎಂದು ಗಿರಾಕಿಯ ಮುಖಕ್ಕೇ ಕೇಳುವನು. ಗಿರಾಕಿ ಹೊಟ್ಟೆಯನ್ನು ಒಳಗೆಳೆದುಕೊಂಡು ನಗುವನು.

ಈ ಚಾಳಿ ಅಕ್ಕನಿಂದ ಬಂದದ್ದು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಕಣ್ಣು ಮುಚ್ಚಿದಾಗ ಅಕ್ಕನಿಗೆ ಮದುವೆಯ ವಯಸ್ಸು, ಇವನಿಗೆ ಹಾಲುಹಲ್ಲು ಬೀಳುವ ವಯಸ್ಸು. ಅಮ್ಮನ ಹೊಲಿಗೆ ಮಿಷನ್ನಿನ ಮುಂದೆ ಅಕ್ಕ ಕೂತವಳು ವರ್ಷಗಟ್ಟಲೆ ಏಳಲಿಲ್ಲ. ತಮ್ಮನ ಶಾಲೆಯ ನಿಕ್ಕರಿಗೆ ಕೆಳಗೆ ಅಷ್ಟುದ್ದ ಬಟ್ಟೆ ಒಳಗೆ ಮಡಚಿ ಹೊಲಿಯುವಳು. ಅವನು ಬೆಳೆದ ಹಾಗೆಲ್ಲ ಹೊಲಿಗೆ ಬಿಚ್ಚಿ ಒಂದೊಂದು ಮಡಿಕೆ ಕೆಳಗಿಳಿಸುವಳು. ಹಳೆಯ ಹೊಲಿಗೆಯ ಗೆರೆಗಳು ನಿಕ್ಕರಿನ ಅಂಚಿನಲ್ಲಿ ಒಂದರ ಕೆಳಗೊಂದು ಉಳಿದುಬಿಡುತ್ತಿದ್ದವು. ಕ್ಲಾಸಿನವರು ಗೇಲಿ ಮಾಡಿದರೆಂದು ಇವನು ಅತ್ತುಕೊಂಡು ಬಂದರೆ ಅಕ್ಕ ಮಿಷನ್ನಿನಿಂದ ತಲೆ ಎತ್ತದೆ, "ಅವರ ನಿಕ್ಕರು ಅವರ ಜೊತೆ ಬೆಳೆಯುತ್ತಾ ಕೇಳು ಹೋಗು" ಅನ್ನುವಳು.

ಅದೇ ಮಿಷನ್ನಿನ ಡ್ರಾಯರಿನಿಂದ ಅಂಗಿಯ ಗುಂಡಿಯೊಂದನ್ನು ತೆಗೆದು ಇವನು ನುಂಗಿದ್ದ. ಅದು ಹೊರಬರುವ ತನಕ ಅಕ್ಕ ಬಾಯಿಗೆ ಒಂದು ತುತ್ತು ಇಡಲಿಲ್ಲ. ಹೊರಬಂದ ಮೇಲೆ ಅವನ ಬೆನ್ನಿಗೆ ಎರಡು ಬಿಗಿದು, ಅವತ್ತಿನಿಂದ ಅವನನ್ನು ಗುಂಡಿ ಎಂದೇ ಕರೆದಳು. ತಲೆ ನರೆತು, ಊರಿಗೆಲ್ಲ ಕೋಟು ಹೊಲಿದು ಹೆಸರು ಮಾಡಿದ ಮೇಲೂ ಅವನು ಗುಂಡಿಯೇ. ಅಂಗಡಿಯ ಬೋರ್ಡಿನ ಮೇಲೆ ಏನೇ ಬರೆದಿರಲಿ, ಜನ ಹೇಳುವುದು ಗುಂಡಿ ಟೈಲರ್ ಅಂಗಡಿ ಅಂತಲೇ.

ಅಂಥ ಅಕ್ಕ ಈಗ ದೂರದೇಶದಲ್ಲಿ ಮಗಳ ಮನೆಯಲ್ಲಿದ್ದಳು. ಭಾವ ತೀರಿಕೊಂಡ ಮೇಲೆ ಮಗಳು ಬಂದು ಕರೆದುಕೊಂಡು ಹೋಗಿದ್ದಳು. ಆ ಮಗಳು ಅಲ್ಲಿ ಸಿಟಿ ಬಸ್ಸು ಓಡಿಸುತ್ತಾಳೆ. "ನಮ್ಮ ವಂಶದಲ್ಲಿ ಸೈಕಲ್ ನೆಟ್ಟಗೆ ತುಳಿದವರಿಲ್ಲ, ಇವಳು ನೋಡು, ಮನೆಯಷ್ಟು ದೊಡ್ಡ ಬಸ್ಸನ್ನ ಒಂದೇ ಕೈಯಲ್ಲಿ ತಿರುಗಿಸ್ತಾಳೆ" ಎಂದು ಅಕ್ಕ ಫೋನಿನಲ್ಲಿ ಬೀಗುವಳು. ಕೊನೆಯ ನಿಲ್ದಾಣದಲ್ಲಿ ಸಿಗುವ ಚೂರು ಬಿಡುವಿನಲ್ಲೇ ಮಗಳು ಮಾಮನಿಗೆ ಫೋನು ಮಾಡುತ್ತಿದ್ದುದು. ಅವಳ ಮಾತಿನ ಹಿಂದೆ ಯಾವಾಗಲೂ ಎಂಜಿನ್ನಿನ ಗುರುಗುರು ಇರುತ್ತಿತ್ತು.

ಅಕ್ಕನ ಹೊಟ್ಟೆಯಲ್ಲಿ ಗೆಡ್ಡೆ ಇದೆ ಎಂಬ ಸುದ್ದಿ ಬಂದದ್ದೂ ಆ ಗುರುಗುರುವಿನ ಜೊತೆಗೇ. ಔಷಧಿ ಶುರು ಮಾಡಿದ್ದಾರೆ, ಕೆಲವು ತಿಂಗಳು ನಡೆಯುತ್ತೆ, ಎಂದಷ್ಟೇ ಹೇಳಿದಳು. ಅಕ್ಕನನ್ನೇ ಕೇಳಿದರೆ, "ಏನೂ ಇಲ್ಲ ಕಣೋ, ಇವರಿಗೆ ಮಾಡೋಕೆ ಕೆಲಸ ಇಲ್ಲ, ನನ್ನ ಹೊಟ್ಟೆ ನೋಡ್ತಾ ಕೂತಿದಾರೆ" ಎಂದು ನಕ್ಕಳು. ಆ ಮನೆತನದವರು ಹಾಗೆಯೇ. ಮೈಗೆ ಬೆಂಕಿ ಹತ್ತಿದರೂ ಸ್ವಲ್ಪ ಸೆಖೆ ಅನ್ನುವವರು.

ಗುಂಡಿ ಅವತ್ತೇ ಕತ್ತರಿ ಕೆಳಗಿಟ್ಟು ಹೆಂಡತಿಗೆ ಹೇಳಿದ: "ನಾನು ಹೋಗ್ತೀನಿ. ಎಷ್ಟು ತಿಂಗಳಾದ್ರೂ ಸರಿ. ಅವಳು ಎದ್ದು ಓಡಾಡೋ ಹಾಗೆ ಮಾಡಿಯೇ ವಾಪಸ್ಸು."

ಅವನ ಅಂಗಡಿಯಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಎಲ್ಲ ಹೆಂಡತಿಯೇ. ಅವಳು ಹಲ್ಲಿನಲ್ಲಿ ದಾರ ಕಡಿದು, "ಹೋಗಿ. ಅಂಗಡಿ ನಾನು ನೋಡ್ಕೋತೀನಿ. ಆದ್ರೆ ಬೇಗ ಹೋಗಿ" ಎಂದಳು.

ಪಾಸ್‌ಪೋರ್ಟು ಇತ್ತು, ಒಮ್ಮೆಯೂ ಉಪಯೋಗಿಸಿರಲಿಲ್ಲ. ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಅವನು ಟಿಕೆಟ್‌ನ ಆಫೀಸಿಗೆ ಹೋದ. ಟಿಕೆಟ್ ಎಂದರೆ ವೀಸಾ, ವಿಮಾನ, ಹೋಟೆಲು ಎಲ್ಲ ಮಾಡಿಸಿಕೊಡುವ ಏಜೆಂಟು. ಊರವರಿಗೆ ಅವನ ನಿಜವಾದ ಹೆಸರು ಮರೆತೇಹೋಗಿತ್ತು. ಫೋಟೋಸ್ಟುಡಿಯೋದ ಮಹಡಿಯಲ್ಲಿ ಒಂದು ಕೋಣೆ, ಒಂದು ಮೇಜು, ರೆಕ್ಕೆ ಮುರಿದ ಆಟಿಕೆ ವಿಮಾನ, ಗಿರಾಕಿಗಳಿಗೆಂದು ಒಂದು ಕಬ್ಬಿಣದ ಕುರ್ಚಿ. ಟಿಕೆಟ್ ಕನ್ನಡಕವನ್ನು ಹಣೆಯ ಮೇಲೇರಿಸಿ ಬಿಡಿಸಿ ಹೇಳಿದ.

"ಅಣ್ಣ, ಎರಡು ದಾರಿ ಇದೆ. ಒಂದು ಭೇಟಿ ವೀಸಾ. ಬೇಗ ಬರುತ್ತೆ, ಎರಡು ವಾರದೊಳಗೆ ಕೈಗೆ ಸಿಗುತ್ತೆ. ಆದ್ರೆ ಮೂರು ತಿಂಗಳು ಅಷ್ಟೇ. ಅಲ್ಲಿ ಕೂತು ಮುಂದುವರಿಸೋಕೆ ಬರಲ್ಲ. ಹೊರಟು ಬರಬೇಕು, ಮತ್ತೆ ಹಾಕಬೇಕು ಅಂದ್ರೆ ಬಹಳ ದಿನ ಕಾಯಬೇಕು."

"ಇನ್ನೊಂದು?"

"ಇನ್ನೊಂದು, ಕಾಯಿಲೆ ಇರೋ ಹತ್ತಿರದ ನೆಂಟರನ್ನ ನೋಡ್ಕೊಳ್ಳೋಕೆ ಅಂತಲೇ ಕೊಡೋದು. ಒಂದು ವರ್ಷ ಇರಬಹುದು. ಬೇಕಿದ್ರೆ ಅಲ್ಲಿಂದಲೇ ಮುಂದುವರಿಸಬಹುದು. ಆದ್ರೆ ಬರೋಕೆ ಎರಡು ತಿಂಗಳೂ ಆಗಬಹುದು, ಮೂರೂ ಆಗಬಹುದು. ಅಲ್ಲೀ ತನಕ ಪಾಸ್‌ಪೋರ್ಟು ಅವರ ಹತ್ರಾನೇ ಇರುತ್ತೆ. ನಡುವೆ ವಾಪಸ್ ಬೇಕು ಅಂತ ತಲೆಕೆಳಗಾಗಿ ನಿಂತ್ರೂ ಸುಲಭಕ್ಕೆ ಸಿಗಲ್ಲ." ಟಿಕೆಟ್ ಸೇರಿಸಿದ: "ನಾನಾಗಿದ್ರೆ ಚಿಕ್ಕದನ್ನ ಹಾಕಿ ಮೊದಲು ವಿಮಾನ ಹತ್ತಿಬಿಡ್ತಿದ್ದೆ ಅಣ್ಣ. ಉಳಿದದ್ದು ಆಮೇಲೆ ನೋಡ್ಕೊಂಡ್ರಾಯ್ತು."

ಗುಂಡಿಯ ಕಣ್ಣು ಅಷ್ಟರಲ್ಲಿ ಟಿಕೆಟ್‌ನ ಸೊಂಟದ ಮೇಲಿತ್ತು. ಅದು ಅವನ ಮದುವೆಯ ಸೂಟಿನ ಪ್ಯಾಂಟು, ಗುಂಡಿಯೇ ಹೊಲಿದದ್ದು. ಮದುವೆಯಾದ ಮೇಲೆ ಟಿಕೆಟ್ ಊದಿಕೊಂಡ ಹಾಗೆಲ್ಲ ಪ್ಯಾಂಟನ್ನು ಬಿಚ್ಚಿ ಬಿಚ್ಚಿ ದೊಡ್ಡದು ಮಾಡಿಕೊಟ್ಟವನೂ ಅವನೇ.

"ಬೇಗ ಆಗ್ಲಿ ಅಂತ ನಾನು ಅವತ್ತು ಮೈಗೆ ಸರಿಯಾಗಿ ಕತ್ತರಿಸಿದ್ರೆ ಇವತ್ತು ನೀನು ಚಡ್ಡಿಯಲ್ಲಿ ಕೂತು ವ್ಯಾಪಾರ ಮಾಡಬೇಕಾಗ್ತಿತ್ತು" ಎಂದ.

ಟಿಕೆಟ್ ನಕ್ಕ. "ಪ್ಯಾಂಟು ಬೇರೆ, ವೀಸಾ ಬೇರೆ ಅಣ್ಣ."

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಗುಂಡಿ ಎದ್ದು ಬಂದ. ನಿಜ ಹೇಳಬೇಕೆಂದರೆ ಟಿಕೆಟ್‌ನ ಮಾತು ಅವನಿಗೆ ಅರ್ಧ ನಾಟಿತ್ತು. ಸಂಜೆ ಅಕ್ಕನ ಮಗಳ ಫೋನು ಬರದೇ ಇದ್ದಿದ್ದರೆ, ಬಂದರೂ ಅವನು ಒಂದು ಪ್ರಶ್ನೆ ಕೇಳಿದ್ದಿದ್ದರೆ, ಅವನು ಚಿಕ್ಕದನ್ನೇ ಹಾಕುತ್ತಿದ್ದನೋ ಏನೋ.

ಎರಡೂ ವೀಸಾದ ವಿವರವನ್ನು ಅವನು ಅವಳಿಗೆ ಒಪ್ಪಿಸಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಎಂಜಿನ್ನಿನ ಸದ್ದು.

"ಚಿಕ್ಕದೇ ಸಾಕು ಮಾಮ" ಎಂದಳು.

"ಸಾಕು ಅಂದ್ರೆ?"

"ಸಾಕಾಗುತ್ತೆ. ಮೂರು ತಿಂಗಳು ಸಾಕಾಗುತ್ತೆ. ನೀವು ಬೇಗ ಬನ್ನಿ, ಅಷ್ಟೇ."

ಗುಂಡಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವಳ ಮನೆ ಚಿಕ್ಕದು, ಒಂದು ಮಲಗುವ ಕೋಣೆ, ಒಂದು ಹಜಾರ, ಅಡಿಗೆಗೆ ಒಂದು ಮೂಲೆ. ಅಕ್ಕ ಎಷ್ಟೋ ಸಲ ಫೋನಿನಲ್ಲೇ ಸುತ್ತಿಸಿ ತೋರಿಸಿದ್ದಳು. ಆ ಹಜಾರದಲ್ಲಿ ಮಾಮ ಬಂದು ತಿಂಗಳುಗಟ್ಟಲೆ ಬಿದ್ದುಕೊಂಡರೆ ಎಂಬ ಲೆಕ್ಕಾಚಾರ ಇವಳಿಗೆ. ಇವಳು ಹುಟ್ಟಿದಾಗ ಮೊದಲ ಕುಲಾವಿ ಹೊಲಿದವನು ಅವನು. ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅವನು.

"ಆಯ್ತಮ್ಮ" ಎಂದ. "ನಿನ್ನ ಮನೆಗೆ ನಾನು ಭಾರ ಆಗಲ್ಲ. ಬೇರೆ ರೂಮು ಹಿಡ್ಕೋತೀನಿ."

"ಅಯ್ಯೋ ಮಾಮ, ನಾನು ಹಾಗಲ್ಲ ಹೇಳಿದ್ದು..."

"ಮತ್ತೆ ಹೇಗೆ?"

ಮತ್ತೆ ಎಂಜಿನ್ನಿನ ಸದ್ದು. "ಬಸ್ಸು ಹೊರಡೋ ಹೊತ್ತಾಯ್ತು ಮಾಮ" ಎಂದು ಅವಳು ಫೋನಿಟ್ಟಳು.

ಯಾಕೆ ಸಾಕು ಎಂದು ಅವನು ಕೇಳಲಿಲ್ಲ. ಕೋಪ ಬಂದದ್ದು ನಿಜ, ಆದರೆ ಕೋಪ ಬಂದದ್ದು ಅವನಿಗೆ ಒಳ್ಳೆಯದೇ ಆಯಿತು ಅಂತಲೂ ಹೇಳಬೇಕು. ಕೋಪದಲ್ಲಿದ್ದವನು ಆ ಪ್ರಶ್ನೆ ಕೇಳುವ ಹಾಗಿಲ್ಲ. ಕೇಳದಿದ್ದರೆ ಉತ್ತರವೂ ಬರುವ ಹಾಗಿಲ್ಲ.

ಹೆಂಡತಿ ಮಾತ್ರ ಬಿಡಲಿಲ್ಲ. "ಆ ಹುಡುಗಿ ಏನೋ ಹೇಳೋಕೆ ಬಂದಿದ್ಲು ರೀ. ನಿಮ್ಮ ಕೋಪ ಮೂಗಿನ ತುದೀಲೇ ಇರುತ್ತಲ್ಲ, ಬಾಯಿ ಮುಚ್ಚಿಸಿಬಿಟ್ರಿ."

"ಏನು ಹೇಳೋಕೆ? ಮೂರು ತಿಂಗಳಾದ ಮೇಲೆ ಗಂಟುಮೂಟೆ ಕಟ್ಟು ಅನ್ನೋದನ್ನ ಇನ್ನೂ ಹೇಗೆ ಹೇಳಬೇಕು?"

"ಮೂರು ತಿಂಗಳು ಸಾಕು ಅಂದ್ಲು. ನಿಮಗೆ ಸಾಕು ಅಂದ್ಲೋ, ಅತ್ತಿಗೆಗೆ..."

"ಅತ್ತಿಗೆಗೆ ಏನು?" ಗುಂಡಿ ಎಷ್ಟು ಜೋರಾಗಿ ಕೂಗಿದನೆಂದರೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಬಾಯಲ್ಲಿ ಒಳ್ಳೇ ಮಾತು ಬರಲ್ವಾ ನಿನಗೆ? ಔಷಧಿ ಮುಗಿಯೋಕೇ ಆರು ತಿಂಗಳು ಬೇಕು. ಆಮೇಲೆ ಮೈಗೆ ಶಕ್ತಿ ಬರೋಕೆ ಇನ್ನಷ್ಟು ಬೇಕು. ಮೂರು ತಿಂಗಳ ವೀಸಾ ತಗೊಂಡು ಅಕ್ಕನ ಮುಂದೆ ಹೋಗಿ ನಿಂತ್ರೆ ಏನಂತ ಅರ್ಥ? ನಿನಗೆ ಅಷ್ಟೇ ಆಯಸ್ಸು ಅಂತ ಅಳತೆ ತಗೊಂಡು ಬಂದ ಹಾಗಲ್ವಾ?"

ಹೆಂಡತಿ ಸೂಜಿಗೆ ದಾರ ಪೋಣಿಸಲು ಹೋದಳು. ಕಣ್ಣು ತುಂಬಿದ್ದರಿಂದ ದಾರ ಒಳಹೋಗಲಿಲ್ಲ.

ಮಾರನೆಯ ದಿನ ಅವನು ಒಂದು ವರ್ಷದ ವೀಸಾಕ್ಕೆ ಸಹಿ ಹಾಕಿದ. ಟಿಕೆಟ್ ಮತ್ತೊಮ್ಮೆ ಕೇಳಿದ, "ಅಣ್ಣ, ಯೋಚನೆ ಮಾಡಿದ್ದೀರಾ? ಒಂದು ಸಲ ಪಾಸ್‌ಪೋರ್ಟು ಹೋದ್ರೆ ಹೋಯ್ತು." ಗುಂಡಿ ಪಾಸ್‌ಪೋರ್ಟನ್ನು ಮೇಜಿನ ಮೇಲೆ ತಳ್ಳಿದ. "ಕಳಿಸು. ಒಳಗೆ ಬಟ್ಟೆ ಇರಲಿ."

ಎರಡು ದಿನ ಬಿಟ್ಟು ಅಕ್ಕನೇ ಪರದೆಯ ಮೇಲೆ ಬಂದಳು. ದಿಂಬಿಗೆ ಒರಗಿ ಕೂತಿದ್ದಳು, ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಮುಖ ಸಣ್ಣದಾಗಿ ಕಣ್ಣು ದೊಡ್ಡದಾಗಿತ್ತು. ಆದರೆ ನಾಲಿಗೆ ಹಾಗೇ ಇತ್ತು.

"ಏನೋ ಗುಂಡಿ, ಕಾಲರ್ ಹಾಗೇಕೆ ಮುದುಡಿದೆ? ಊರಿಗೆಲ್ಲ ಇಸ್ತ್ರಿ, ನಿನಗೆ ಮಾತ್ರ ಇಲ್ವಾ?"

"ನೀನು ಎದ್ದು ಬಂದು ಮಾಡಿಕೊಡು."

"ಬರ್ತೀನಿ ಇರು. ನೀನು ಯಾವಾಗ ಬರ್ತೀಯೋ? ಎಷ್ಟು ದಿನಕ್ಕೆ ಬರ್ತೀಯಾ?"

"ಒಂದು ವರ್ಷಕ್ಕೆ!" ಎಂದ ಗುಂಡಿ. ಬಹುಮಾನ ಗೆದ್ದು ಬಂದ ಶಾಲೆಯ ಹುಡುಗನ ದನಿ ಅದು. "ಪೂರಾ ಒಂದು ವರ್ಷ. ಸಾಲದಿದ್ರೆ ಇನ್ನೂ ಮುಂದುವರಿಸಬಹುದಂತೆ."

ಅಕ್ಕನ ಹಿಂದೆ ನಿಂತು ದಿಂಬು ಸರಿಮಾಡುತ್ತಿದ್ದ ಮಗಳು ಕಿಟಕಿಯ ಕಡೆಗೆ ತಿರುಗಿಕೊಂಡಳು. ಗುಂಡಿ ಅದನ್ನು ಗಮನಿಸಿದ. ನೋಡು, ಮುಖ ತಿರುಗಿಸಿದಳು, ಎಂದುಕೊಂಡ.

"ಒಂದು ವರ್ಷಾನಾ!" ಅಕ್ಕ ನಕ್ಕಳು. "ಹೆಂಡ್ತಿ ಅಷ್ಟು ದಿನ ನೆಮ್ಮದಿಯಾಗಿ ಇರ್ತಾಳೆ ಬಿಡು. ಆಯ್ತು ಬಾ. ಒಂದು ವರ್ಷಕ್ಕೇ ಬಾ."

ಅಕ್ಕನಿಗೆ ಅಲ್ಲಿ ಚಳಿ ಎಂದು ಅವನು ಒಂದು ಕೋಟು ಹೊಲಿಯಲು ಕೂತ. ಹೊಗೆಬಣ್ಣದ ಉಣ್ಣೆ ಬಟ್ಟೆ, ಒಳಗೆ ನುಣುಪಾದ ಅಸ್ತರಿ. ಅಳತೆ ಹಿಡಿದು ಹೇಳು ಎಂದು ಅಕ್ಕನ ಮಗಳಿಗೆ ಹೇಳಿದ್ದ. ಅವಳು ಫೋನಿನಲ್ಲಿ ಭುಜ, ಎದೆ, ತೋಳು ಎಂದು ಒಂದೊಂದೇ ಹೇಳಿದಳು. ಸೀಮೆಸುಣ್ಣ ಹಿಡಿದು ಬರೆದುಕೊಳ್ಳುತ್ತಿದ್ದವನ ಕೈ ಎದೆಯ ಅಳತೆಗೆ ನಿಂತುಹೋಯಿತು.

"ಟೇಪು ಬಿಗಿ ಹಿಡಿದಿದ್ದೀಯಾ. ಸಡಿಲ ಬಿಡು."

"ಸಡಿಲಾನೇ ಇದೆ ಮಾಮ."

"ನಿನಗೆ ಟೇಪು ಹಿಡಿಯೋಕೆ ಬರಲ್ಲ. ಸ್ಟಿಯರಿಂಗು ಹಿಡಿದ ಹಾಗಲ್ಲ ಇದು."

ಅವಳು ಮತ್ತೆ ಹಿಡಿದಳು. ಅಳತೆ ಅಷ್ಟೇ ಬಂತು. ಅವನ ಶಾಲೆಯ ನಿಕ್ಕರಿನ ಕಾಲದಲ್ಲಿ ಅಕ್ಕ ಅಷ್ಟು ತೆಳ್ಳಗಿದ್ದಳೋ ಏನೋ. ಬಟ್ಟೆ ಹಾಕಿದ ಮನುಷ್ಯ ಸುಳ್ಳು ಹೇಳಬಹುದು, ಅಳತೆ ಹೇಳುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅವನ ಬೆರಳಿಗೆ ಗೊತ್ತಾಯಿತು. ಬರೆದದ್ದನ್ನು ಅಂಗೈಯಿಂದ ಒರಸಿ, ಅಕ್ಕ ಊರು ಬಿಡುವಾಗ ಇದ್ದ ಹಳೆಯ ಅಳತೆಯನ್ನು ನೆನಪಿನಿಂದ ತೆಗೆದು ಅದಕ್ಕೇ ಬಟ್ಟೆ ಕತ್ತರಿಸಿದ. ಅದರ ಮೇಲೆ ಸುತ್ತಲೂ ಎರಡು ಬೆರಳು ಒಳಗೆ ಬಿಟ್ಟ. ತುಂಬಿಕೊಳ್ಳುತ್ತಾಳೆ ಎಂದು ಹೆಂಡತಿಗೆ ಕೇಳುವ ಹಾಗೆ ಹೇಳಿದ. ಹೆಂಡತಿ ಹೂಂ ಅಂದಳು.

ಆಮೇಲೆ ಕಾಯುವುದು. ಕೋಟು ಮುಗಿದು ಅಂಗಡಿಯ ಗೂಟದಲ್ಲಿ ತೂಗಿತು. ಬಂದವರೆಲ್ಲ ಅದನ್ನು ಮುಟ್ಟಿ ನೋಡಿ ಯಾರದು ಎಂದು ಕೇಳುವರು. "ನಮ್ಮಕ್ಕಂದು. ಹೋಗುವಾಗ ತಗೊಂಡು ಹೋಗಬೇಕು. ವೀಸಾ ಬರಬೇಕಷ್ಟೆ" ಎಂದು ಅವನು ಹೇಳುವನು. ದಿನವೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಟಿಕೆಟ್‌ನ ಮಹಡಿ ಹತ್ತುವನು. ಟಿಕೆಟ್ ಪಾಪ, ಅವನ ಹೆಜ್ಜೆ ಸದ್ದು ಕೇಳಿದರೇ ತಲೆ ಅಲ್ಲಾಡಿಸಲು ಶುರುಮಾಡುತ್ತಿದ್ದ.

ಪರದೆಯ ಮೇಲೆ ಬರುವುದನ್ನು ಅಕ್ಕ ಬಿಟ್ಟಳು. ಕ್ಯಾಮೆರಾ ಕೆಟ್ಟಿದೆ ಎಂದಳು. ಮಾತೂ ಗಿಡ್ಡವಾಯಿತು. ಒಂದು ದಿನ, "ಬಂತೇನೋ?" ಎಂದು ಕೇಳಿದಳು. "ಇನ್ನೇನು ಬರುತ್ತೆ ಅಕ್ಕಾ" ಎಂದ. "ಬರಲಿ ಬಿಡು. ಅವಸರ ಏನಿಲ್ಲ" ಎಂದಳು. ಆ ಕೊನೆಯ ಮಾತು ಹೇಳಲು ಅವಳು ನಡುವೆ ಎರಡು ಸಲ ಉಸಿರು ತೆಗೆದುಕೊಂಡಳು.

ಒಂದು ಮಧ್ಯಾಹ್ನ ಅಕ್ಕನ ಮಗಳ ಫೋನು ಬಂತು. ಗುಂಡಿ ಬಟ್ಟೆಯ ಮೇಲೆ ಕತ್ತರಿ ಇಟ್ಟಿದ್ದ. ಫೋನಿನಲ್ಲಿ ಎಂಜಿನ್ನಿನ ಸದ್ದಿರಲಿಲ್ಲ. ಅದು ಇಲ್ಲವೆಂದು ಗೊತ್ತಾದ ಕೂಡಲೇ ಅವನು ಕತ್ತರಿ ಬದಿಗಿಟ್ಟ.

"ಬಸ್ಸು ಎಲ್ಲಮ್ಮಾ?"

"ರಜೆ ಹಾಕಿದ್ದೀನಿ ಮಾಮ. ಆಸ್ಪತ್ರೇಲಿದ್ದೀನಿ." ಅವಳು ಅಳು ನುಂಗಿ ನುಂಗಿ ಮಾತಾಡಿದಳು. "ಹೇಗಾದ್ರೂ ಮಾಡಿ ಬನ್ನಿ ಮಾಮ. ಯಾವ ವೀಸಾನಾದ್ರೂ ಸರಿ. ಈಗಲೇ ಬನ್ನಿ."

ಚಪ್ಪಲಿ ಹಾಕಿಕೊಳ್ಳದೆ ಅವನು ಬೀದಿಯಲ್ಲಿ ಓಡಿದ. ಕುತ್ತಿಗೆಯಲ್ಲಿ ಟೇಪು ಜೋತಾಡುತ್ತಲೇ ಇತ್ತು. ಮಹಡಿ ಹತ್ತಿ ಟಿಕೆಟ್‌ನ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಚಿಕ್ಕದು ಮಾಡಿಸೋ. ದೊಡ್ಡದು ಬೇಡ. ಚಿಕ್ಕದು ಮಾಡಿಸು, ಈಗಲೇ!"

ಟಿಕೆಟ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ಫೋನಿನ ಮೇಲೆ ಫೋನು ಮಾಡಿದ. ಅರ್ಜಿ ಹಿಂತೆಗೆದುಕೊಳ್ಳುತ್ತೇವೆ, ಪಾಸ್‌ಪೋರ್ಟು ಕೊಡಿ ಎಂದು ಬೇಡಿಕೊಂಡ, ಬರೆದೂ ಕಳಿಸಿದ. ಅರ್ಜಿ ಕೊನೆಯ ಹಂತದಲ್ಲಿದೆ, ಹಿಂತೆಗೆದರೆ ಇನ್ನೂ ತಡವಾಗುತ್ತದೆ, ದಯವಿಟ್ಟು ಕಾಯಿರಿ ಎಂಬ ಉತ್ತರ ಸಂಜೆಗೆ ಬಂತು. ಕಚೇರಿಯವರು ಬಹಳ ಮರ್ಯಾದೆಯಿಂದ ಬರೆದಿದ್ದರು. ಯಾರನ್ನು ಬೈಯುವುದು?

ಅವನು ಕಾದ. ಇನ್ನೇನು ಮಾಡಲು ಸಾಧ್ಯವಿತ್ತು? ಆ ವಾರ ಅಂಗಡಿಯಲ್ಲಿ ಮಿಷನ್ನಿನ ಸದ್ದು ಕೇಳಲಿಲ್ಲ. ವಾರ ಮುಗಿಯುವ ಮೊದಲೇ ಅಕ್ಕ ಹೋಗಿಬಿಟ್ಟಳು.

ಅವಳ ಅಂತ್ಯಕ್ರಿಯೆಯನ್ನು ಅವನು ಅಂಗೈಯಗಲದ ಪರದೆಯಲ್ಲಿ ನೋಡಿದ. ಹೆಂಡತಿ ಫೋನು ಹಿಡಿದುಕೊಂಡಿದ್ದಳು. ತನ್ನನ್ನು ಸಾಕಿದವಳ ಮುಖ ಪರದೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟಿತ್ತು. ಅದನ್ನೂ ಯಾರದೋ ಭುಜ ಮರೆಮಾಡಿತು. "ಸ್ವಲ್ಪ ಸರಿಯಿರಿ, ಸ್ವಲ್ಪ ಸರಿಯಿರಿ" ಎಂದು ಅವನು ಗೊತ್ತಿಲ್ಲದ ದೇಶದ ಗೊತ್ತಿಲ್ಲದ ಮನುಷ್ಯನಿಗೆ ತನ್ನ ಭಾಷೆಯಲ್ಲಿ ಕೂಗುತ್ತಿದ್ದ.

ವೀಸಾ ಬಂತು. ಬರದೇ ಇರುತ್ತದೆಯೇ? ಟಿಕೆಟ್ ತಾನೇ ಪಾಸ್‌ಪೋರ್ಟು ಹಿಡಿದುಕೊಂಡು ಅಂಗಡಿಗೆ ಬಂದು, ಒಳಗೆ ಬರದೆ ಹೊಸಿಲ ಹತ್ತಿರ ನಿಂತ. ಗುಂಡಿ ಕೈ ಚಾಚಿ ತೆಗೆದುಕೊಂಡು ಪುಟ ತಿರುವಿದ. ಅವನ ಫೋಟೋ, ಅವನ ಹೆಸರು, ಒಂದು ವರ್ಷ.

"ಇದನ್ನ ಉಪಯೋಗಿಸೋಕೆ ಆಗಲ್ಲ ಅಣ್ಣ" ಎಂದ ಟಿಕೆಟ್, ನೆಲ ನೋಡುತ್ತ. "ಯಾರನ್ನ ನೋಡ್ಕೊಳ್ಳೋಕೆ ಅಂತ ಕೊಟ್ರೋ ಅವರೇ... ರದ್ದು ಮಾಡಿಸಬೇಕಾಗುತ್ತೆ. ಹೋಗಲೇಬೇಕು ಅಂದ್ರೆ ಬೇರೆ ಹಾಕಬೇಕು."

ಹೋಗಲೇಬೇಕೋ ಬೇಡವೋ ಗುಂಡಿಗೆ ಗೊತ್ತಿರಲಿಲ್ಲ. ಯಾರಿದ್ದಾರೆ ಅಂತ ಹೋಗುವುದು? ಆದರೆ ಆ ಸಂಜೆ ಅಕ್ಕನ ಮಗಳು ಫೋನು ಮಾಡಿದಳು. ಹಿಂದೆ ಎಂಜಿನ್ನಿನ ಸದ್ದು ಮತ್ತೆ ಶುರುವಾಗಿತ್ತು.

"ಮಾಮ, ಅಮ್ಮನ ಬೀರು ತೆಗೆಯೋಕೆ ನನ್ನೊಬ್ಬಳ ಕೈಲಿ ಆಗ್ತಿಲ್ಲ. ಬಾಗಿಲು ತೆಗೀತೀನಿ, ಬಟ್ಟೆ ವಾಸನೆ ಬರುತ್ತೆ, ಮುಚ್ಚಿಬಿಡ್ತೀನಿ. ನೀವು ಬರ್ತೀರಾ?"

ಗುಂಡಿ ಇಷ್ಟು ದಿನ ನುಂಗಿಕೊಂಡಿದ್ದದ್ದು ಈಗ ಹೊರಬಂತು. "ನಿನಗೆ ಮೊದಲೇ ಗೊತ್ತಿತ್ತಲ್ವಾ? ಚಿಕ್ಕದೇ ಸಾಕು ಅಂದೆಯಲ್ಲ ಅವತ್ತು. ಬಾಯಿ ಬಿಟ್ಟು ಯಾಕೆ ಹೇಳಲಿಲ್ಲ?"

"ಅಮ್ಮ ನನ್ನಿಂದ ಮಾತು ತಗೊಂಡಿದ್ರು ಮಾಮ. ತಮ್ಮನಿಗೆ ಹೇಳಿದ್ರೆ ಅಲ್ಲಿ ಕೂತು ಕೊರಗ್ತಾನೆ, ಬಂದ ಮೇಲೆ ತಾನೇ ಹೇಳ್ತೀನಿ ಅಂದಿದ್ರು. ಕೊಟ್ಟ ಮಾತು ಮುರೀದೇ ಹೇಗಾದ್ರೂ ನಿಮಗೆ ತಿಳೀಲಿ ಅಂತ ಸಾಕು ಅಂದೆ. ನೀವು ಬೇಜಾರು ಮಾಡ್ಕೊಂಡ್ರಿ." ಅವಳು ಮೂಗು ಒರಸಿಕೊಂಡಳು. "ಒಂದು ವರ್ಷ ಅಂತ ನೀವು ಹೇಳಿದ ದಿನ, ಫೋನಿಟ್ಟ ಮೇಲೆ ನಾನು ಅಮ್ಮನ ಜೊತೆ ಜಗಳ ಆಡಿದೆ. ಈಗಲಾದ್ರೂ ಹೇಳಿಬಿಡ್ತೀನಿ ಅಂದೆ. ಬೇಡ ಅಂದ್ರು. ನನ್ನ ತಮ್ಮ ನನಗೆ ಒಂದು ವರ್ಷ ಬಟ್ಟೆ ಬಿಟ್ಟು ಹೊಲಿದಿದ್ದಾನೆ ಕಣೇ, ನೀನು ಬಿಚ್ಚಬೇಡ ಅಂದ್ರು. ಆಸ್ಪತ್ರೇಲಿ ನರ್ಸುಗಳಿಗೆಲ್ಲ ಒಂದು ಬೆರಳು ತೋರಿಸಿ ಹೇಳೋರು, ಬ್ರದರ್, ಒನ್ ಇಯರ್ ಅಂತ."

ಗುಂಡಿ ಗೂಟದಲ್ಲಿ ತೂಗುತ್ತಿದ್ದ ಕೋಟಿನ ಕಡೆ ನೋಡಿದ.

"ಆಮೇಲೆ?" ಎಂದ.

"ಆಮೇಲೆ ಬೇಡ ಮಾಮ."

"ಹೇಳು."

"ಆಮೇಲೆ ದಿನಾ ಕೇಳೋರು. ಬಂತಾ, ಬಂತಾ ಅಂತ. ಕೊನೆಕೊನೆಗೆ ಯಾರು ಬಾಗಿಲು ತೆಗೆದ್ರೂ ಗುಂಡಿ ಅನ್ನೋರು. ಔಷಧಿ ಕೊಡೋಕೆ ಬಂದವರನ್ನೂ, ನೆಲ ಒರೆಸೋಕೆ ಬಂದವರನ್ನೂ. ಬಂದೆಯಾ ಗುಂಡಿ, ಅನ್ನೋರು."

ಫೋನಿಟ್ಟ ಮೇಲೆ ಅವನು ಗೂಟದಿಂದ ಕೋಟು ತೆಗೆದು, ಗಿರಾಕಿಗಳ ಬಟ್ಟೆಗೆ ಮಾಡುವ ಹಾಗೆಯೇ, ಒಳಮೈ ಹೊರಗೆ ಮಾಡಿದ. ಎರಡು ಬೆರಳು ಬಟ್ಟೆ ಸುತ್ತಲೂ ಹಾಗೇ ಇತ್ತು, ಮಡಿಕೆ ಕೂಡ ಮುರಿದಿರಲಿಲ್ಲ. ಬೆರಳಿನಿಂದ ಅದರ ಉದ್ದಕ್ಕೂ ಸವರಿಕೊಂಡು ಹೋದವನು ಕಂಕುಳ ಹೊಲಿಗೆಯ ಹತ್ತಿರ ಮುಖ ಹುದುಗಿಸಿ ಅತ್ತ. ಅಂಗಡಿ ತೆರೆದಿದೆ, ಬೀದಿಗೆ ಕಾಣುತ್ತದೆ ಎಂಬ ಪರಿವೆ ಇಲ್ಲದೆ, ಸಣ್ಣ ಮಗುವಿನ ಹಾಗೆ ಬಾಯಿ ಬಿಟ್ಟು ಅತ್ತ. ಹೆಂಡತಿ ಎದ್ದು ಹೋಗಿ ಬಾಗಿಲು ಎಳೆದುಕೊಂಡಳು. ನಾನು ಅವತ್ತೇ ಹೇಳಿರಲಿಲ್ಲವಾ ಎಂಬ ಮಾತನ್ನು ಅವಳು ಆಮೇಲೆ ಯಾವತ್ತೂ ಆಡಲಿಲ್ಲ.

ಮರುದಿನ ಅವನು ಕೋಟನ್ನು ಚೀಲದಲ್ಲಿ ಹಾಕಿಕೊಂಡು, ಪಾಸ್‌ಪೋರ್ಟನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಮಹಡಿ ಹತ್ತಿದ. ಹೆಜ್ಜೆ ಸದ್ದು ಕೇಳಿ ಟಿಕೆಟ್ ಎದ್ದು ನಿಂತಿದ್ದ. ಅದೇ ಕಬ್ಬಿಣದ ಕುರ್ಚಿ, ಅದೇ ರೆಕ್ಕೆ ಮುರಿದ ವಿಮಾನ. ಗುಂಡಿ ಕೂತ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈ ಅದರ ಮೇಲಿಟ್ಟ.

"ಅಕ್ಕನ ಮಗಳು ಬಾ ಅಂತಿದ್ದಾಳೆ" ಎಂದ. "ಬೀರು ತೆಗೀಬೇಕಂತೆ."

ಟಿಕೆಟ್ ಕನ್ನಡಕ ಇಳಿಸಿ ಎರಡು ಅರ್ಜಿಗಳನ್ನು ಮೇಜಿನ ಮೇಲಿಟ್ಟ. ಅಭ್ಯಾಸಬಲದಿಂದ ಇಟ್ಟದ್ದು, ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡು ಒಂದನ್ನು ಹಿಂದಕ್ಕೆ ಎಳೆಯಲು ಹೋದ, ಆದರೆ ಗುಂಡಿ ಆಗಲೇ ಎರಡನ್ನೂ ನೋಡಿದ್ದ.

"ಎಷ್ಟು ದಿನಕ್ಕೆ ಅಣ್ಣ?"

"ಚಿಕ್ಕದೇ ಸಾಕು" ಎಂದ ಗುಂಡಿ.